ಬಿಸಿಲಿಗೆ ಹಿಡಿದು ಕೊಂಡ ಟಿವಿ

ವಸ್ತು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಇಳಕಲ್ಲಿನಲ್ಲಿ ಯಾರೂ ಇಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಇದನ್ನು ನಾನು ಬಡಾಯಿಯಾಗಿ ಹೇಳಿಕೊಂಡು ತಿರುಗಿದವನಲ್ಲ. ಕೇಳಿದವರಿಗೆ ಮಾತ್ರ ಹೇಳುತ್ತಿದ್ದೆ. ಕೇಳದವರಿಗೆ ನಾನೇ ಹೋಗಿ ಹೇಳುತ್ತಿದ್ದೆ. ಅಪ್ಪನ ಕಾಲದಿಂದ ಬಂದ ಸೀರೆ ಅಂಗಡಿ ನನ್ನದು. ದಾಳಿಂಬೆ ಕೆಂಪಿಗೂ ಕುಂಕುಮದ ಕೆಂಪಿಗೂ ಇರುವ ವ್ಯತ್ಯಾಸವನ್ನು ಅರೆನಿದ್ದೆಯಲ್ಲೂ ಹೇಳಬಲ್ಲೆ. ಇಂಥವನಿಗೆ ಒಂದು ಟಿವಿ ಆರಿಸುವುದು ಯಾವ ದೊಡ್ಡ ಕೆಲಸ!

ಟಿವಿ ಕೊಳ್ಳುವ ಪ್ರಸಂಗ ಬಂದದ್ದು ನನ್ನ ಹೆಂಡತಿ ಕಸ್ತೂರಿಯಿಂದ. ಒಂದು ಚಾನೆಲ್ಲಿನವರು ಅವಳ ಮಹಿಳಾ ಸಂಘದವರನ್ನು ಬಾದಾಮಿಗೆ ಕರೆಸಿ ಅಡುಗೆ ಕಾರ್ಯಕ್ರಮ ಚಿತ್ರೀಕರಿಸಿದ್ದರು. ಕಸ್ತೂರಿ ಮಾಡಿ ತೋರಿಸಿದ್ದು ಕಡಲೆಹಿಟ್ಟಿನ ಜುಣಕದ ವಡಿ. ಅಂಗಡಿ ಬಿಟ್ಟು ನನಗೆ ಹೋಗಲಾಗಲಿಲ್ಲ. ಆದರೆ ಅವಳು ಏನು ಉಡಬೇಕೆಂಬುದನ್ನು ನಾನೇ ತೀರ್ಮಾನಿಸಿದ್ದೆ. ನಮ್ಮ ಅಂಗಡಿಯದೇ ದಾಳಿಂಬೆ ಕೆಂಪಿನ ಇಳಕಲ್ ಸೀರೆ! ವಡಿಯನ್ನು ನೋಡಿದವರು ತಮ್ಮ ಮನೆಯಲ್ಲೇ ಮಾಡಿಕೊಳ್ಳಲಿ, ಸೀರೆಯನ್ನು ಮಾತ್ರ ನಮ್ಮಲ್ಲಿಗೇ ಬಂದು ಕೊಳ್ಳಲಿ ಎಂಬುದು ನನ್ನ ದೂರಾಲೋಚನೆ.

ಬಾದಾಮಿಯಿಂದ ಬಂದ ದಿನ ಕಸ್ತೂರಿಯ ಮುಖದಲ್ಲಿ ಒಂದು ಕಳ್ಳನಗೆ ಇತ್ತು.

“ಅಲ್ಲಿ ನಿಮ್ಮ ಬಗ್ಗೇನೂ ಕೇಳಿದ್ರು,” ಅಂದಳು.

“ಏನ್ ಹೇಳಿದಿ?”

“ಖರೆ ಇದ್ದದ್ದ ಹೇಳೇನಿ.”

“ಖರೆ ಅಂದ್ರ?”

“ಈಗ ಹೇಳಂಗಿಲ್ಲ. ಬರೂ ರವಿವಾರ ಮುಂಜಾನಿ ತೋರಸ್ತಾರಂತ. ಟಿವ್ಯಾಗ ಕೇಳ್ರಿ. ನಿಮಗ ಕೇಳ್ಸಬೇಕಂತನ ಹೇಳೇನಿ.”

ನಾನು ಉಬ್ಬಿಹೋದೆ. ಹೊಗಳಿದ್ದಾಳೆ, ಸಂಶಯವೇ ಇಲ್ಲ! ಎದುರಿಗೆ ಹೊಗಳಲು ನಾಚಿಕೆ, ಅದಕ್ಕೇ ಟಿವಿಯ ಮೂಲಕ ಹೊಗಳಿದ್ದಾಳೆ. ಆ ಸಂತೋಷದಲ್ಲಿ ಇಡೀ ಓಣಿಗೆ ರವಿವಾರ ನಮ್ಮ ಮನೆಗೆ ಬರಬೇಕೆಂದು ಆಮಂತ್ರಣ ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ನಮ್ಮ ಟಿವಿಯ ನೆನಪಾಯಿತು.

ಅದು ಹಳೆಯ ಡಬ್ಬಾ ಟಿವಿ. ಬೆನ್ನು ಉಬ್ಬಿದ್ದು, ಎತ್ತಬೇಕೆಂದರೆ ಇಬ್ಬರು ಬೇಕು. ಒಂದು ವರ್ಷದಿಂದ ಅದಕ್ಕೆ ಹಸಿರಿನ ಹುಚ್ಚು ಹಿಡಿದಿತ್ತು. ಸುದ್ದಿ ಓದುವವಳೂ ಹಸಿರು, ಮಂತ್ರಿಗಳೂ ಹಸಿರು, ಕ್ರಿಕೆಟ್ ಆಡುವವರು ಮೈದಾನದಲ್ಲಿ ಎಲ್ಲಿದ್ದಾರೆಂದು ಹುಡುಕಬೇಕು. ಅದರಲ್ಲಿ ನನ್ನ ದಾಳಿಂಬೆ ಕೆಂಪು ಸೀರೆ ಕಂಡರೆ ಕೊತ್ತಂಬರಿ ಸಿವುಡಿನ ಹಾಗೆ ಕಾಣುತ್ತಿತ್ತು. ಓಣಿಯ ಮುಂದೆ ನನ್ನ ಅಂಗಡಿಯ ಮಾನ ಏನಾಗಬೇಕು?

“ಹಸರ ಕಂಡ್ರ ಕಾಣವಲ್ದ್ಯಾಕ. ಮಾತ ಕೇಳ್ಸಿದ್ರ ಸಾಕಲ್ರಿ,” ಎಂದಳು ಕಸ್ತೂರಿ.

“ಮಾತ ಯಾರ ಕೇಳ್ತಾರ? ಮಂದಿ ಬಣ್ಣ ನೋಡ್ತಾರ,” ಎಂದೆ.

ಶುಕ್ರವಾರ ಇಬ್ಬರೂ ಬಾಗಲಕೋಟೆಯ ಬಸ್ಸು ಹತ್ತಿದೆವು. ಇಳಕಲ್ಲಿನಲ್ಲೂ ಟಿವಿ ಸಿಗುತ್ತವೆ. ಆದರೆ ನನ್ನಂಥ ಆರಿಸುವವನಿಗೆ ಸಣ್ಣ ಅಂಗಡಿ ಸಾಲದು. ಕೈಚೀಲದಲ್ಲಿ ಆ ದಾಳಿಂಬೆ ಕೆಂಪಿನ ಸೀರೆ, ಜೇಬಿನಲ್ಲಿ ಅದರ ಫೋಟೊ ಇದ್ದ ಪೆನ್‌ಡ್ರೈವ್. ನನ್ನ ಯೋಜನೆ ಬಹಳ ಶಾಸ್ತ್ರೀಯವಾಗಿತ್ತು. ಫೋಟೊವನ್ನು ಟಿವಿಗೆ ಹಾಕುವುದು, ಪಕ್ಕದಲ್ಲಿ ಖುದ್ದು ಸೀರೆಯನ್ನು ಹಿಡಿಯುವುದು, ಎರಡೂ ಯಾವ ಟಿವಿಯಲ್ಲಿ ಒಂದೇ ಆಗಿ ಕಾಣುತ್ತವೋ ಅದನ್ನು ಕೊಳ್ಳುವುದು. ಟಿವಿಯನ್ನು ಹೀಗೆ ಪರೀಕ್ಷಿಸಿದವರು ಜಗತ್ತಿನಲ್ಲಿ ಮತ್ತೊಬ್ಬರಿಲ್ಲ ಎಂದು ನನಗೆ ಆಗಲೇ ಹೆಮ್ಮೆ. ಯಾಕೆ ಇಲ್ಲ ಎಂಬುದು ಆಮೇಲೆ ತಿಳಿಯಿತು.

ಹುನಗುಂದ ದಾಟುವಾಗ ಕಸ್ತೂರಿ, “ರೀ, ಆ ಸೀರಿದ ಬಗ್ಗೆ ಒಂದ ಮಾತ ಹೇಳಬೇಕಿತ್ತು. ಬಾದಾಮ್ಯಾಗ ಅವರು...” ಎಂದು ಶುರುಮಾಡಿದಳು.

“ಸೀರಿ ಬಗ್ಗೆ ನನಗ ಹೇಳ್ತಿ?” ಎಂದು ನಕ್ಕೆ.

ಅವಳು ಕಿಟಕಿಯ ಕಡೆ ತಿರುಗಿದಳು. ಅಮೀನಗಡದಲ್ಲಿ ಬಸ್ಸು ನಿಂತಾಗ, ರವಿವಾರ ಬರುವವರ ಬಾಯಿಗೆ ಇರಲೆಂದು ಕರದಂಟು ತಂದಳು. ಶಿರೂರಿನ ಹತ್ತಿರ ಮತ್ತೊಮ್ಮೆ ಬಾಯಿ ತೆರೆದಳು. ಅಷ್ಟರಲ್ಲಿ ನಾನು ಪಕ್ಕದ ಸೀಟಿನವರಿಗೆ ಬಣ್ಣಗಳ ವಿಷಯದಲ್ಲಿ ಉಪನ್ಯಾಸ ಆರಂಭಿಸಿದ್ದೆ.

ಬಾಗಲಕೋಟೆಯ ಆ ಅಂಗಡಿಯ ಗೋಡೆಯ ತುಂಬ ಟಿವಿಗಳು. ಎಲ್ಲದರಲ್ಲೂ ಒಂದೇ ಗಿಳಿ ಒಂದೇ ಸಲ ರೆಕ್ಕೆ ಬಡಿಯುತ್ತಿತ್ತು. ಅಂಗಡಿಯ ಮಾಲಕರು ದಪ್ಪ ಮೀಸೆಯ ತಾಳ್ಮೆಯ ಮನುಷ್ಯ. ಆ ತಾಳ್ಮೆ ಮಧ್ಯಾಹ್ನದವರೆಗೆ ಇತ್ತು.

“ಬರ್ರಿ ಸಾವಕಾರ್ರ. ಇದು ಸ್ಮಾರ್ಟ್ ಟಿವಿ ನೋಡ್ರಿ,” ಅಂದರು.

“ಹಂಗಾದ್ರ ಅದು?”

“ಅದೂ ಸ್ಮಾರ್ಟರಿ.”

“ಎಲ್ಲಾ ಶ್ಯಾಣ್ಯಾ ಅದಾವಂದ್ರ ನಾ ಏನ್ ಆರಸ್ಲಿ?” ಎಂದು ಪೆನ್‌ಡ್ರೈವ್ ತೆಗೆದುಕೊಟ್ಟೆ.

ಗಿಳಿ ಹಾರಿಹೋಗಿ ಗೋಡೆಯ ಮೇಲೆ ನನ್ನ ಸೀರೆ ಬಂತು. ನಾನು ಕೈಚೀಲದಿಂದ ಸೀರೆ ತೆಗೆದು, ಮಡಿಕೆ ಬಿಚ್ಚಿ, ಒಂದೊಂದು ಟಿವಿಯ ಪಕ್ಕಕ್ಕೂ ಹಿಡಿದೆ. ಒಂದರಲ್ಲಿ ಇಟ್ಟಂಗಿ ಬಣ್ಣ, ಒಂದರಲ್ಲಿ ಗುಲಾಬಿ, ಮತ್ತೊಂದರಲ್ಲಿ ಬದನೆಕಾಯಿ! ಟಿವಿ ನೋಡಲು ಬಂದಿದ್ದ ಹೆಂಗಸೊಬ್ಬಳು ಟಿವಿ ಬಿಟ್ಟು ನನ್ನ ಕೈಯಲ್ಲಿದ್ದ ಸೀರೆಯ ಬೆಲೆ ಕೇಳಿದಳು.

“ಆವಾಜ್ ಒಂದೀಟ ಹಚ್ಚಿ ತೋರಸ್ರಿ,” ಎಂದಳು ಕಸ್ತೂರಿ ಮಾಲಕರಿಗೆ.

“ಫೋಟೋಕ್ಕ ಆವಾಜ್ ಇರ್ತೈತೇನ?” ಎಂದು ನಾನೇ ಉತ್ತರ ಕೊಟ್ಟೆ.

ಕೊನೆಗೆ ಎರಡು ಟಿವಿಗಳು ಪರವಾಗಿಲ್ಲ ಅನ್ನಿಸಿದವು. ಆಗಲೇ ನನ್ನೊಳಗಿನ ವ್ಯಾಪಾರಿ ಎಚ್ಚರಗೊಂಡ. ನಮ್ಮ ಕಸುಬಿನಲ್ಲಿ ಅಂಗಡಿಯ ದೀಪವನ್ನು ಯಾರೂ ನಂಬುವುದಿಲ್ಲ. ಬುದ್ಧಿವಂತ ಗಿರಾಕಿ ಸೀರೆಯನ್ನು ಎತ್ತಿಕೊಂಡು ಬಾಗಿಲ ಹೊರಗಿನ ಮೆಟ್ಟಿಲಿಗೆ ಹೋಗುತ್ತಾನೆ, ಬಿಸಿಲಿಗೆ ಹಿಡಿಯುತ್ತಾನೆ, ಆಮೇಲೆ ಮಾತು. ಅಪ್ಪ ನನಗೆ ಕಲಿಸಿದ ಮೊದಲ ಪಾಠ ಇದು.

“ಇದನ್ನ ಒಂದ ಸಲ ಹೊರಗ ತರ್ರಿ. ಬಿಸಲಾಗ ನೋಡೂಣು,” ಎಂದೆ.

ಮಾಲಕರು ನನ್ನನ್ನೇ ನೋಡಿದರು. “ಏನನ್ರಿ?”

“ಟಿವಿ.”

“ಸಾವಕಾರ್ರ, ಟಿವಿ ಬಿಸಲಾಗ ಯಾರ ನೋಡ್ತಾರ್ರಿ?”

“ಬಿಸಲಾಗ ನೋಡ್ದ ನಾ ಒಂದ ಕರವಸ್ತ್ರಾನೂ ತಗೊಂಡಾಂವಲ್ಲ!”

ವ್ಯಾಪಾರ ಕೈತಪ್ಪಬಾರದೆಂದು ಮಾಲಕರು ಒಪ್ಪಿದರು. ಇಬ್ಬರು ಕೆಲಸಗಾರರು ಟಿವಿಯನ್ನು ಹೊತ್ತು ತಂದರು. ಫುಟ್‌ಪಾತಿನ ಮೇಲೆ ಮೇಜು, ಮೇಜಿನ ಮೇಲೆ ಟಿವಿ, ಬಾಗಿಲೊಳಗಿಂದ ಉದ್ದನೆಯ ವೈರು. ನಡುಮಧ್ಯಾಹ್ನದ ಬಾಗಲಕೋಟೆಯ ಬಿಸಿಲು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ಟಿವಿ ಹಚ್ಚಿದರು. ಸೀರೆ ಕಾಣಲಿಲ್ಲ. ಕಂಡದ್ದು ನನ್ನದೇ ಮುಖ, ಮುಖದ ಹಿಂದೆ ಒಂದು ಆಟೊ, ಆಟೊದಿಂದ ಇಣುಕಿ ನಗುತ್ತಿದ್ದ ಜನ. ಎರಡನೆಯ ಟಿವಿ ತರಿಸಿದೆ. ಅದರಲ್ಲೂ ನಾನೇ, ಜನ ಮಾತ್ರ ಹೆಚ್ಚಾಗಿದ್ದರು.

ಕಸ್ತೂರಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಂಗಡಿಯ ನೆರಳಿಗೆ ನಿಂತಿದ್ದಳು. “ರೀ, ನಾವು ಟಿವಿ ಪಡಸಾಲ್ಯಾಗ ಇಡಾವ್ರು. ಅಲ್ಲಿ ಇರೂದ ಒಂದ ಕಿಡಕಿ. ಬಿಸಲ ಎಲ್ಲಿಂದ ಬರ್ತೈತ್ರಿ?”

“ನಿನಗ ಬಣ್ಣದ ವ್ಯವಹಾರ ತಿಳಿಯೂದಿಲ್ಲ.”

ಅವಳ ತವರುಮನೆಯಲ್ಲಿ ಮೂರು ತಲೆಮಾರಿನಿಂದ ಮಗ್ಗ ಇವೆ ಎಂಬುದು ಆ ಹೊತ್ತಿನಲ್ಲಿ ನನಗೆ ನೆನಪಿರಲಿಲ್ಲ.

ಆಗ ನನ್ನ ಕಣ್ಣು ಅಂಗಡಿಯ ಬಾಗಿಲ ಪಕ್ಕಕ್ಕೆ ಹೋಯಿತು. ಅಲ್ಲಿ ಗಾಜಿನೊಳಗೆ ಒಂದು ದೊಡ್ಡ ಪರದೆ ರಸ್ತೆಗೆ ಮುಖಮಾಡಿ ನಿಂತಿತ್ತು. ಬಿಸಿಲು ನೇರವಾಗಿ ಅದರ ಮುಖಕ್ಕೇ ಹೊಡೆಯುತ್ತಿದ್ದರೂ ಅದರಲ್ಲಿ ಫ್ರಿಜ್ಜಿನ ಜಾಹೀರಾತು ಫಳಫಳ ಹೊಳೆಯುತ್ತಿತ್ತು. ಫ್ರಿಜ್ಜಿನೊಳಗಿನ ಟೊಮೆಟೊ ಎಷ್ಟು ಕೆಂಪು ಎಂದರೆ ಕೈ ಹಾಕಿ ತೆಗೆದುಕೊಳ್ಳೋಣ ಅನ್ನಿಸಿತು.

“ಅದಕ್ಕ ಹಾಕ್ರಿ ನನ್ನ ಪೆನ್‌ಡ್ರೈವ್!” ಎಂದೆ.

ಹಾಕಿದರು. ನಡುಬಿಸಿಲಿನಲ್ಲಿ ನನ್ನ ದಾಳಿಂಬೆ ಕೆಂಪು ಅರಳಿತು! ಸೀರೆ ಪಕ್ಕದಲ್ಲಿ ಹಿಡಿದೆ. ಎಳೆಗೆ ಎಳೆ ಒಂದೇ. ಜನ ಕೂಡ ಹೌದೆಂದರು.

“ಇದನ್ನ ಕೊಡ್ರಿ.”

ಮಾಲಕರು ಕೈಮುಗಿದರು. “ಅದು ಟಿವಿ ಅಲ್ರಿ. ಜಾಹೀರಾತಿನ ಪರದೆ. ಅಂಗಡಿ ಬೋರ್ಡ್ ಇದ್ದಂಗ.”

ನಾನು ಒಳಗೊಳಗೇ ನಕ್ಕೆ. ಈ ಆಟ ನನಗೆ ಗೊತ್ತಿಲ್ಲವೇ! ಒಳ್ಳೆಯ ಸೀರೆಯನ್ನು ನಾವೂ ಹಾಗೇ ಬಚ್ಚಿಡುತ್ತೇವೆ. ಗಿರಾಕಿ ಅದನ್ನೇ ಕೇಳಿದರೆ, ‘ಅದು ಮಾರೂದಲ್ರಿ’ ಅನ್ನುತ್ತೇವೆ. ಹಾಗೆಂದಷ್ಟೂ ಗಿರಾಕಿಯ ಆಸೆ ಹೆಚ್ಚುತ್ತದೆ.

“ಮನಿಗೆ ಇದು ಬರಾಬರಿ ಆಗಂಗಿಲ್ರಿ. ಕಣ್ಣ ಕುಕ್ಕತೈತಿ,” ಅಂದರು.

“ಆಗವಲ್ದ್ಯಾಕ.”

“ಇದಕ್ಕ ಆವಾಜ್ ಬರಂಗಿಲ್ರಿ!”

ಇದಂತೂ ಹಳೇ ಉಪಾಯ. ಕೊಡಲು ಮನಸ್ಸಿಲ್ಲದ ವ್ಯಾಪಾರಿ ತನ್ನ ಮಾಲಿಗೇ ಹೆಸರಿಡುತ್ತಾನೆ. ನಾನೂ ಎಷ್ಟೋ ಸಲ ಇಟ್ಟಿದ್ದೇನೆ. “ನಮ್ಮ ಮುಂದ ಈ ಆಟ ಬ್ಯಾಡ್ರಿ ಸಾವಕಾರ್ರ. ನಾನೂ ಗಾದಿ ಮ್ಯಾಲ ಕುಂದರಾಂವ,” ಎಂದೆ.

ಕಸ್ತೂರಿ ನನ್ನ ತೋಳು ಹಿಡಿದು ಜಗ್ಗಿದಳು. “ರೀ, ಆವಾಜ್ ಬರೂದಿಲ್ಲ ಅಂತ ಅವರ ಹೇಳಾಕತ್ತಾರ...”

“ನೀ ಸುಮ್ನ ನೋಡಕೋತ ನಿಂದ್ರ.”

ಮಾಲಕರು ನನ್ನನ್ನೂ ಅವಳನ್ನೂ ನೋಡಿ, ಕೊನೆಗೆ ನಿಟ್ಟುಸಿರು ಬಿಟ್ಟು ಒಪ್ಪಿದರು. ರಸೀದಿಯ ಮೇಲೆ ‘ವಾಪಸ್ ಇಲ್ಲ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು. ನಮ್ಮ ಹಳೇ ಟಿವಿಯನ್ನು ಬದಲಿಗೆ ತೆಗೆದುಕೊಳ್ಳುವಿರಾ ಎಂದೆ. ಅದನ್ನು ಕೇಳಿಸಿಕೊಳ್ಳುವಷ್ಟು ತಾಳ್ಮೆ ಅವರಲ್ಲಿ ಉಳಿದಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಕಸ್ತೂರಿ ಒಂದು ಮಾತೂ ಆಡಲಿಲ್ಲ. ನನ್ನ ಚಾತುರ್ಯ ಕಂಡು ಮೂಕಳಾಗಿದ್ದಾಳೆ ಎಂದುಕೊಂಡೆ.

ಶನಿವಾರ ಸಂಜೆ ಪರದೆ ಬಂತು. ಅಂಗಡಿಯ ಕೆಲಸಗಾರರು ಅದನ್ನು ಗೋಡೆಗೆ ಜೋಡಿಸಿ, ಪೆನ್‌ಡ್ರೈವ್ ಹಾಕಿ ಹಚ್ಚಿದರು. ಪಡಸಾಲೆಯಲ್ಲಿ ಸೂರ್ಯ ಹುಟ್ಟಿದ! ನಮ್ಮ ಮನೆಯ ಕಲ್ಲುಗೋಡೆಯಲ್ಲಿ ನಾನು ಇದುವರೆಗೆ ನೋಡದ ಬಿರುಕುಗಳು ಕಂಡವು. ಜಂತಿಯ ಮೇಲಿನ ಜೇಡರಬಲೆ ಕಂಡಿತು. ಸೀರೆ ಕಾಣುತ್ತಿತ್ತು, ಆದರೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಅದರ ಬೆಳಕನ್ನು ತಗ್ಗಿಸಲು ರಿಮೋಟಿನ ಎಲ್ಲ ಬಟನ್ನುಗಳನ್ನೂ ಒತ್ತಿದೆ. ಪರದೆಯ ಮೇಲೆ ಚೀನೀ ಅಕ್ಷರಗಳು ಬಂದು ಹೋದವು. ಬೆಳಕು ಎಳ್ಳಷ್ಟೂ ತಗ್ಗಲಿಲ್ಲ.

“ಛಲೋ ಐತಿ. ಜ್ವಾಳ ಇಲ್ಲೇ ಒಣಾ ಹಾಕಬಹುದು,” ಎಂದಳು ಕಸ್ತೂರಿ.

ಎದುರುಮನೆಯ ಗಂಗವ್ವ ಬೆಳಕು ನೋಡಿ ಓಡಿಬಂದಳು. ಮನೆಗೆ ಬೆಂಕಿ ಬಿತ್ತೇನೋ ಎಂದುಕೊಂಡಿದ್ದಳಂತೆ. ವಿಷಯ ತಿಳಿದ ಮೇಲೆ, “ಹಂಗಾದ್ರ ಹಳೇ ಟಿವಿ ಏನ್ ಮಾಡ್ತಿ ತಮ್ಮಾ? ನಮ್ಮದು ಕೆಟ್ಟ ಬಿದ್ದೈತಿ,” ಅಂದಳು.

“ತಗೊಂಡ್ ಹೋಗಬೇ ಯವ್ವಾ! ನಮಗ್ಯಾಕ ಆ ಡಬ್ಬಾ!” ಎಂದು ದಾನಶೂರನ ಹಾಗೆ ಕೈ ಬೀಸಿದೆ. ಬಂದಿದ್ದ ಕೆಲಸಗಾರರೇ ಅದನ್ನು ಎದುರುಮನೆಗೆ ಹೊತ್ತು ಹಾಕಿದರು. ಒಂದು ಪೀಡೆ ತೊಲಗಿತು ಎಂದು ಹಾಯಾಗಿ ಮಲಗಿದೆ.

ರವಿವಾರ ಬೆಳಗ್ಗೆ ಕೇಬಲ್ಲಿನ ಸಲೀಮ ಬಂದು ಸೆಟ್‌ಟಾಪ್ ಡಬ್ಬಿಯ ವೈರನ್ನು ಪರದೆಗೆ ಜೋಡಿಸುವ ಹೊತ್ತಿಗೆ ಓಣಿ ನಮ್ಮ ಪಡಸಾಲೆಯಲ್ಲಿ ಕೂತಿತ್ತು. ಕೆಲವರು ತಂಪು ಕನ್ನಡಕ ಹಾಕಿಕೊಂಡು ಬಂದಿದ್ದರು. ಸುದ್ದಿ ಅಷ್ಟು ಬೇಗ ಹಬ್ಬಿತ್ತು. ಕಸ್ತೂರಿ ಕರದಂಟು ಹಂಚಿದಳು. ಹಂಚಿ, ಎಲ್ಲರ ಹಿಂದೆ ಹೋಗಿ ಕೂತಳು. ಪಾಪ, ಅಡುಗೆಮನೆ ಬಿಟ್ಟು ಊರ ಮುಂದೆ ಬರುವುದು ಅವಳಿಗೆ ಇದೇ ಮೊದಲು. ಅವಳು ಹೇಳಿದ್ದನ್ನು ಎಲ್ಲರೆದುರು ಕೇಳುವ ಆಸೆ ನನಗೂ ಉಕ್ಕಿಬಂತು.

ಚಿತ್ರ ಬಂತು. ಜಾಹೀರಾತಿನ ಹುಡುಗಿ ಬಾಯಿ ತೆರೆದು ಹಾಡುತ್ತಿದ್ದಳು. ಹಾಡು ಮಾತ್ರ ಬರಲಿಲ್ಲ.

“ಆವಾಜ್ ಹೆಚ್ಚ ಮಾಡೋ ಸಲೀಮ,” ಎಂದೆ.

ಸಲೀಮ ರಿಮೋಟ್ ಒತ್ತಿದ. ಪರದೆಯ ಹಿಂದೆ ಕೈಯಾಡಿಸಿದ. ಕಿವಿ ಹಚ್ಚಿದ. “ಮಾಂತೇಶಣ್ಣಾರ, ಇದಕ್ಕ ಸ್ಪೀಕರ್ ಎಲ್ಲಿ ಐತ್ರಿ?”

“ಒಳಗ ಇರಬೇಕಲೋ!”

“ಒಳಗ ಇಲ್ರಿ. ಇದಕ್ಕ ಬಾಯೇ ಇಟ್ಟಿಲ್ರಿ!”

ತಂಪು ಕನ್ನಡಕಗಳೆಲ್ಲ ಪರದೆ ಬಿಟ್ಟು ನನ್ನತ್ತ ತಿರುಗಿದವು. ಕಸ್ತೂರಿ ನನ್ನ ಕಡೆ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಸುಮ್ಮನೆ ಕೂರುವವನಲ್ಲ. ಓಣಿಯ ಭಜನಾ ಮಂಡಳಿಯ ಆಂಪ್ಲಿಫಯರನ್ನು ಹೊತ್ತು ತಂದೆ. ಡಬ್ಬಿಯ ವೈರಿನ ತುದಿ ಸಣ್ಣದು, ಆಂಪ್ಲಿಫಯರಿನ ತೂತು ದೊಡ್ಡದು. ಬೇರೆ ವೈರು ತರೋಣವೆಂದರೆ ರವಿವಾರ ಬೆಳಗ್ಗೆ ಯಾವ ಅಂಗಡಿ ತೆರೆದಿರುತ್ತದೆ? ನಾನೇ ವೈರನ್ನು ಹಲ್ಲಿನಿಂದ ಸುಲಿದು ತೂತಿನಲ್ಲಿ ತುರುಕಿದೆ. ಆಂಪ್ಲಿಫಯರು ‘ಗೊಂಯ್’ ಎಂದು ಒಮ್ಮೆ ಕೂಗಿತು. ಅದರ ಕೂಗಿಗೆ ಬೀದಿಯ ನಾಯಿಗಳೆಲ್ಲ ಉತ್ತರ ಕೊಟ್ಟವು. ಆಮೇಲೆ ಅದೂ ಮೌನವ್ರತ ಹಿಡಿಯಿತು.

ಅಷ್ಟರಲ್ಲಿ ಎದುರುಮನೆಯಿಂದ ಸ್ಪಷ್ಟವಾಗಿ, ಗಂಟೆ ಬಾರಿಸಿದ ಹಾಗೆ, ಒಂದು ಧ್ವನಿ ಬಂತು. “ನಮಸ್ಕಾರ ವೀಕ್ಷಕರೇ, ಇಂದು ಬಾದಾಮಿಯಿಂದ...”

“ಏ, ನಮ್ಮನ್ಯಾಗ ಛಲೋ ಕೇಳ್ತೈತಿ, ಬರ್ರೇ!” ಎಂದು ಗಂಗವ್ವ ಬಾಗಿಲಿನಿಂದ ಕೂಗಿದಳು.

ಓಣಿ ಎದ್ದಿತು. ತಂಪು ಕನ್ನಡಕಗಳನ್ನು ತೆಗೆಯುತ್ತ, ಕರದಂಟಿನ ತಟ್ಟೆ ಸಮೇತ ಎಲ್ಲರೂ ರಸ್ತೆ ದಾಟಿದರು. ಸಲೀಮನೂ ಹೋದ. ಕೊನೆಗೆ ಕಸ್ತೂರಿ ಹೊಸ್ತಿಲಲ್ಲಿ ನಿಂತು, “ನೀವೂ ಬರ್ರೆಲಾ,” ಅಂದಳು.

“ಬರಂಗಿಲ್ಲ! ಸೀರಿ ಖರೆ ಬಣ್ಣ ಇಲ್ಲೇ ಕಾಣೂದು!” ಎಂದೆ. ಹಟ ಅಂದರೆ ಹಟ.

ಅವಳು ಹೋದಳು. ನಾನೊಬ್ಬನೇ ಆ ಸೂರ್ಯನ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕುಳಿತೆ. ನಿರೂಪಕಿ ಬಂದಳು, ನಕ್ಕಳು, ಪಕ್ಕಕ್ಕೆ ಸರಿದಳು. ಅಗೋ ನನ್ನ ಕಸ್ತೂರಿ! ಅಗೋ... ಸೀರೆ ಎಲ್ಲಿ? ಕುತ್ತಿಗೆಯಿಂದ ಮೊಣಕಾಲಿನವರೆಗೆ ಚಾನೆಲ್ಲಿನವರ ಹಳದಿ ಏಪ್ರನ್! ಅದರ ಮೇಲೆ ಅವರದೇ ಹೆಸರು. ನನ್ನ ದಾಳಿಂಬೆ ಕೆಂಪು ಭುಜದ ಹತ್ತಿರ ಎರಡು ಬೆರಳಿನಷ್ಟು ಕಾಣುತ್ತಿತ್ತು. ಆ ಎರಡು ಬೆರಳಿನ ಬಣ್ಣ ಮಾತ್ರ ಎಳೆಗೆ ಎಳೆ ಸರಿಯಾಗಿತ್ತು.

ಬಸ್ಸಿನಲ್ಲಿ ಅವಳು ಎರಡು ಸಲ ಹೇಳಲು ಹೊರಟದ್ದು ಇದನ್ನೇ ಎಂದು ಈಗ ಹೊಳೆಯಿತು.

ವಡಿ ಬೆಂದವು. ನಿರೂಪಕಿ ಏನೋ ಕೇಳಿದಳು. ಕಸ್ತೂರಿ ನಾಚಿ ತಲೆ ತಗ್ಗಿಸಿ, ಆಮೇಲೆ ನೇರವಾಗಿ ನನ್ನ ಕಡೆ ನೋಡಿ ಬಾಯಿ ತೆರೆದಳು. ತುಟಿ ಅಲುಗಿದವು. ನಿರೂಪಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದೇ ಕ್ಷಣಕ್ಕೆ ಎದುರುಮನೆಯ ಹೆಂಚು ಹಾರುವ ಹಾಗೆ ನಗೆ ಸಿಡಿಯಿತು!

ಚಪ್ಪಲಿ ಇಲ್ಲದೆ ಓಡಿದೆ. ನಾನು ಹೋಗುವಷ್ಟರಲ್ಲಿ ಹಸಿರು ಟಿವಿಯಲ್ಲಿ ಹಸಿರು ಸೋಪಿನ ಜಾಹೀರಾತು ಬರುತ್ತಿತ್ತು. ಜನ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನನ್ನನ್ನು ಕಂಡು ಇನ್ನಷ್ಟು ನಕ್ಕರು.

“ಏನಂದ್ಲು? ನನ್ನ ಬಗ್ಗೆ ಏನಂದ್ಲು?”

ಯಾರಿಗೂ ಉಸಿರಿರಲಿಲ್ಲ. ಗಂಗವ್ವ ಕಣ್ಣೊರೆಸಿಕೊಂಡು ಹತ್ತಿರ ಬಂದು ಹೇಳಿದಳು. “ಆಕಿ ಕೇಳಿದ್ಲಪಾ, ಸೀರಿ ಅಂಗಡಿಯವರ ಹೇಣ್ತಿ ನೀವು, ನಿಮಗ ಸೀರೆ ಯಾರು ಆರಿಸ್ತಾರೆ ಅಂತ. ಅದಕ್ಕ ನಿನ್ನ ಹೇಣ್ತಿ ಅಂದ್ಲು, ‘ನಮ್ಮ ಮನಿಯವರ ಆರಸ್ತಾರ್ರಿ. ಅವರಿಗೆ ಜಗತ್ತಿನಾಗಿನ ಎಲ್ಲಾ ಬಣ್ಣ ಕಾಣ್ತಾವ್ರಿ. ನಾ ಹೇಳೂದ ಒಂದ ಕೇಳ್ಸೂದಿಲ್ರಿ’ ಅಂತ!”

ಮತ್ತೆ ನಗೆ. ನನಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಒಂದು ಹಕ್ಕು ಬೇಕಲ್ಲ! ಅದನ್ನು ನಾನು ಬಾಗಲಕೋಟೆಯ ಫುಟ್‌ಪಾತಿನ ಮೇಲೆ ಬಿಟ್ಟು ಬಂದಿದ್ದೆ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಮನೆಗೆ ಬರುವಾಗ ಕಸ್ತೂರಿ ಮೆಲ್ಲಗೆ ಹೇಳಿದಳು. “ಬಾದಾಮ್ಯಾಗ ಅಂದ್ ಬಂದಮ್ಯಾಲ ನನಗ ಭಾಳ ಕೆಟ್ಟ ಅನಸಿತ್ರಿ. ಊರ ಮಂದಿ ಮುಂದ ಗಂಡಗ ಹಂಗ ಅನಬಾರದಿತ್ತು ಅಂತ.”

“ಈಗ?”

“ಶುಕ್ರವಾರ ಆ ಅಂಗಡಿ ಮುಂದ ನಿಂತ ಮ್ಯಾಲ ಆ ಚಿಂತಿ ಹೋತು.”

ಪಡಸಾಲೆಗೆ ಆಮೇಲೆ ಒಂದು ಸಾಧಾರಣ ಟಿವಿ ಬಂತು. ಕಸ್ತೂರಿ ಒಬ್ಬಳೇ ಹೋಗಿ, ಆವಾಜು ಕೇಳಿ, ಅರ್ಧ ತಾಸಿನಲ್ಲಿ ಇಳಕಲ್ಲಿನಲ್ಲೇ ತಂದಳು. ಆ ದೊಡ್ಡ ಪರದೆಯನ್ನು ನನ್ನ ಅಂಗಡಿಯ ಮುಂದೆ ರಸ್ತೆಗೆ ಮುಖಮಾಡಿ ನಿಲ್ಲಿಸಿದ್ದೇನೆ. ದಿನವಿಡೀ ಬಿಸಿಲಿನಲ್ಲಿ ಸೀರೆಗಳು ಫಳಫಳ ಹೊಳೆಯುತ್ತವೆ, ಗಿರಾಕಿಗಳೂ ಬರುತ್ತಾರೆ. ಆದರೆ ಬಂದವರೆಲ್ಲ ಆ ಕಾರ್ಯಕ್ರಮ ನೋಡಿದವರೇ. ಗಾದಿಯ ಹತ್ತಿರ ಬಂದು, ಬಾಗಿ, ನನ್ನ ಕಿವಿಯ ಬಳಿ ಜೋರಾಗಿ, ಒಂದೊಂದೇ ಅಕ್ಷರ ಬಿಡಿಸಿ ಕೂಗುತ್ತಾರೆ:

“ಸಾವಕಾರ್ರಾ! ಸೀ-ರಿ ತೋ-ರ-ಸ್ರಿ!”